ಕಾಜಾ ಅಕ್ಕ ಫ್ರೀ ಬಿಚ್ಚಿದ್ದು

ಗುರುವಾರ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ, ಟೈಲರ್‌ಗಳ ಬೀದಿ ಇನ್ನೇನು ಸಿಕ್ಕಿತು ಅನ್ನುವಾಗ, ಕಾಜಾ ಅಕ್ಕನ ಗಾಡಿ ಕೈಕೊಟ್ಟಿತು. ಮೂರು ಗಾಲಿಯ ಗಾಡಿ ಅದು, ಕಾಲಿನ ಕೆಲಸವನ್ನು ಕೈಗೆ ವಹಿಸಿದ್ದು. ಎದೆಯ ಮುಂದಿರುವ ಪೆಡಲನ್ನು ಎರಡೂ ಕೈಯಿಂದ ತಿರುಗಿಸಿದರೆ ಚೈನು ಮುಂದಿನ ಚಕ್ರವನ್ನು ಎಳೆಯುತ್ತದೆ, ಗಾಡಿ ಹೋಗುತ್ತದೆ. ಆವತ್ತು ಪೆಡಲ್ ತಿರುಗಿತು, ಚೈನೂ ಓಡಿತು, ಚಕ್ರ ಮಾತ್ರ ನನಗೂ ನಿಮಗೂ ಸಂಬಂಧವೇ ಇಲ್ಲ ಎಂದು ನಿಂತುಬಿಟ್ಟಿತು. ಬೆನ್ನ ಹಿಂದಿನ ಹಲಗೆಯ ಮೇಲೆ ಹತ್ತೊಂಬತ್ತು ಶರ್ಟುಗಳ ಗಂಟು. ಎಲ್ಲಕ್ಕೂ ಗುಂಡಿ ತೂರುವ ಕಾಜಾ ಹಾಕಿ, ಗುಂಡಿ ಹಚ್ಚಿ, ದಾರದ ತುದಿ ಕತ್ತರಿಸಿ ಆಗಿತ್ತು, ತಲುಪಿಸುವುದೊಂದೇ ಬಾಕಿ.

ಎರಡು ನಿಮಿಷದಲ್ಲಿ ನಾಲ್ಕು ಜನ ಸೇರಿದರು. "ಪಾಪ" ಎಂದರು ಅವರಲ್ಲೊಬ್ಬರು.

ಕಾಜಾ ಅಕ್ಕನಿಗೆ ಈ ಲೋಕದಲ್ಲಿ ಆಗದ ಮಾತೊಂದಿದ್ದರೆ ಅದು ಇದೇ. ಬೈದರೆ ತಿರುಗಿ ಬೈಯಬಹುದು, ಹಲ್ಲು ಕಿರಿದರೆ ಹಲ್ಲು ಎಣಿಸಬಹುದು. ಪಾಪ ಅಂದವರನ್ನು ಏನು ಮಾಡುವುದು? ಅಂದವರು ಅಂದ ಕೂಡಲೇ ಒಳ್ಳೆಯವರಾಗಿಬಿಡುತ್ತಾರೆ, ಅನ್ನಿಸಿಕೊಂಡವಳು ಉಪಕಾರವಾಯಿತು ಎನ್ನಬೇಕು.

"ಪಾಪ ಏನಿಲ್ಲ, ಫ್ರೀ ಹೋಗಿದೆ ಅಷ್ಟೇ" ಎಂದಳು. ಅಷ್ಟರಲ್ಲಿ ಯಾರದೋ ಎರಡು ಕೈ ಗಾಡಿಯ ಬೆನ್ನಿಗೆ ಬಿದ್ದು, ಕೇಳದೆ ಹೇಳದೆ ತಳ್ಳತೊಡಗಿದ್ದವು. ಶರ್ಟಿನ ಗಂಟನ್ನು ಬೀದಿಯ ಮೊದಲನೇ ಅಂಗಡಿಯಲ್ಲಿಟ್ಟು, ಗಾಡಿಯ ಮುಖವನ್ನು ಮನೆಯ ಕಡೆ ತಿರುಗಿಸಿದರು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಅವಳು ಮಡಿಲಲ್ಲಿ ಕೈಯಿಟ್ಟುಕೊಂಡು ಮನೆಗೆ ಬಂದಳು. ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ.

ಸೈಕಲ್ ಅಂಗಡಿಯವರು ಫ್ರೀವೀಲನ್ನು ಫ್ರೀ ಎಂದೇ ಕರೆಯುತ್ತಾರೆ. ಚಕ್ರದ ನಡುವೆ ಚೈನು ಕೂರುವ ಹಲ್ಲಿನ ಬಿಲ್ಲೆ ಅದು. ಪೆಡಲನ್ನು ಮುಂದಕ್ಕೆ ತಿರುಗಿಸಿದರೆ ಚಕ್ರವನ್ನು ಹಿಡಿದುಕೊಳ್ಳುತ್ತದೆ, ಸುಮ್ಮನಿದ್ದರೆ ಬಿಟ್ಟುಕೊಟ್ಟು ಟಿಕ್ ಟಿಕ್ ಎನ್ನುತ್ತದೆ. ಹಿಡಿಯಬೇಕಾದಾಗಲೂ ಹಿಡಿಯದೆ ಬಿಟ್ಟೇ ಬಿಡುತ್ತಿದ್ದರೆ ಫ್ರೀ ಹೋಯಿತು ಎಂದರ್ಥ. ಅವಳ ಮನೆಯ ಬೀದಿಯ ಮೂಲೆಯಲ್ಲಿರುವ ಸೈಕಲ್ ಶಾಪಿನವನು ಒಮ್ಮೆ 'ಇಲ್ಲಿ ಫ್ರೀ ರಿಪೇರಿ ಮಾಡಲಾಗುವುದು' ಎಂದು ಬೋರ್ಡು ಬರೆಸಿ ಪಡಬಾರದ ಪಾಡು ಪಟ್ಟಿದ್ದ. ಒಂದು ವಾರ ಬೀದಿಯ ಪಂಕ್ಚರು, ಸಡಿಲ ಬ್ರೇಕು, ತುಕ್ಕು ಹಿಡಿದ ಬೆಲ್ಲು ಎಲ್ಲ ಅವನ ಬಾಗಿಲಿಗೆ ಬಂದವು. ದುಡ್ಡು ಕೇಳಿದರೆ ಜನ ಬೋರ್ಡಿನತ್ತ ಬೆರಳು ತೋರಿಸಿದರು. ಎಂಟನೇ ದಿನ ಅವನು ಅದರ ಕೆಳಗೆ 'ಹಣ ಕೊಡಬೇಕು' ಎಂದು ಸೇರಿಸಿದ. ಈಗಲೂ ಬೋರ್ಡು ಹಾಗೇ ಇದೆ: ಇಲ್ಲಿ ಫ್ರೀ ರಿಪೇರಿ ಮಾಡಲಾಗುವುದು, ಹಣ ಕೊಡಬೇಕು.

ಸಂಜೆ ಅಣ್ಣ ಆಫೀಸಿನಿಂದ ಬಂದ. ನೀರಿನ ಆಫೀಸಿನಲ್ಲಿ ಗುಮಾಸ್ತ, ಒಳ್ಳೆಯವನು. ತಂಗಿಯ ವಿಷಯದಲ್ಲಿ ಅವನ ಒಳ್ಳೆಯತನ ಸ್ವಲ್ಪ ಜಾಸ್ತಿಯೇ ಇತ್ತು, ಅದೇ ತೊಂದರೆ. ಬರುವ ದಾರಿಯಲ್ಲೇ ಅವನು ಸೈಕಲ್ ಶಾಪಿನವನನ್ನು ವಿಚಾರಿಸಿದ್ದ, ಟೈಲರ್‌ಗಳ ಬೀದಿಯ ದೊಡ್ಡ ಟೈಲರ್‌ಗೆ ಫೋನೂ ಮಾಡಿದ್ದ.

"ಆಗಿದ್ದು ಒಳ್ಳೇದೇ ಆಯ್ತು ಬಿಡು" ಎಂದ ಶೂ ಬಿಚ್ಚುತ್ತ. "ಸೋಮವಾರದಿಂದ ಶರ್ಟು ಮನೆಗೇ ಬರುತ್ತೆ. ಅವರೇ ಸ್ಕೂಟರಲ್ಲಿ ಕಳಿಸ್ತಾರೆ, ಅವರೇ ತಗೊಂಡು ಹೋಗ್ತಾರೆ. ನೀನು ಹಾಯಾಗಿ ಕೂತು ಹೊಲಿ. ಆ ಹಳೇ ಗಾಡಿ ಗುಜರಿಗೆ ಹಾಕೋಣ."

"ನನ್ನ ಕೇಳಿದ್ಯಾ?"

"ನಿನ್ನ ಒಳ್ಳೇದಕ್ಕೆ ನಿನ್ನ ಕೇಳಬೇಕಾ?"

ಕಾಜಾ ಅಕ್ಕ ಸೂಜಿಯನ್ನು ಶರ್ಟಿಗೆ ಚುಚ್ಚಿ ನಿಲ್ಲಿಸಿದಳು. "ಸೋಮವಾರದೊಳಗೆ ಗಾಡಿ ಸರಿಹೋದ್ರೆ?"

"ಹೋದ್ರೆ ನೋಡೋಣ."

"ನೋಡೋಣ ಅಲ್ಲ. ಸರಿಹೋದ್ರೆ ನಾನೇ ಹೋಗ್ತೀನಿ, ಸ್ಕೂಟರ್ ಗೀಟರ್ ಇಲ್ಲ. ಹೂಂ ಅನ್ನು."

ಅಣ್ಣ ಹೂಂ ಅಂದ. ಧಾರಾಳವಾಗಿಯೇ ಅಂದ, ಯಾಕೆಂದರೆ ಆ ಗಾಡಿ ಜಪ್ಪಯ್ಯ ಅಂದರೂ ಸರಿಹೋಗುವುದಿಲ್ಲ ಎಂದು ಶಾಪಿನವನು ಆಗಲೇ ಕಡ್ಡಿ ಮುರಿದಂತೆ ಹೇಳಿದ್ದ.

ಅಣ್ಣನಿಗೆ ತಿಳಿಯದಿದ್ದದ್ದು ಏನೆಂದರೆ, ಅವಳಿಗೆ ಆ ಬೀದಿ ಕೆಲಸ ತರುವ ಜಾಗ ಮಾತ್ರ ಆಗಿರಲಿಲ್ಲ. ಮೂರನೇ ವರ್ಷದಲ್ಲಿ ಬಂದ ಜ್ವರ ಎರಡೂ ಕಾಲುಗಳ ಬಲವನ್ನು ತೆಗೆದುಕೊಂಡು ಹೋಗಿತ್ತು. ಇಪ್ಪತ್ತೊಂದರವರೆಗೆ ಅವಳು ಕಂಡಿದ್ದು ಒಂದು ಕೋಣೆ, ಒಂದು ಕಿಟಕಿ, ಕಿಟಕಿಯಾಚೆ ಎದುರು ಮನೆಯ ಗೋಡೆ. ಊರುಗೋಲು ಹಿಡಿದರೆ ಬೀದಿಯ ತುದಿಯವರೆಗೆ, ಬಹಳವೆಂದರೆ ಮೂಲೆಯಾಚೆಯ ಅಂಗಡಿಯವರೆಗೆ. ಗಾಡಿ ಬಂದ ಮೇಲೆ ಅವಳ ಊರು ದೊಡ್ಡದಾಯಿತು. ಟೈಲರ್‌ಗಳ ಬೀದಿಯಲ್ಲಿ ಹದಿನಾಲ್ಕು ಅಂಗಡಿ, ಹದಿನಾಲ್ಕರಲ್ಲೂ ಅವಳ ಧ್ವನಿ ಕೇಳಿದರೆ ಮಿಷನ್ ನಿಲ್ಲುತ್ತಿತ್ತು. ಯಾರ ಕಾಲರ್ ಸೊಟ್ಟಗಿದೆ, ಯಾರು ಗಿರಾಕಿಯ ಬಟ್ಟೆಯಲ್ಲಿ ಕರವಸ್ತ್ರ ಹೊಡೆದಿದ್ದಾರೆ, ಯಾವ ಮಾಸ್ಟರಿಗೆ ಕನ್ನಡಕ ಬದಲಾಯಿಸುವ ಹೊತ್ತಾಗಿದೆ ಎಂದು ಗಾಡಿಯಲ್ಲಿ ಕೂತೇ ಅವಳು ಎಲ್ಲರ ನೀರಿಳಿಸುತ್ತಿದ್ದಳು. ಅಲ್ಲಿ ಅವಳು ಕಾಜಾ ಅಕ್ಕ. ಮನೆಯಲ್ಲಿ ಕೂತರೆ ಮತ್ತೆ ಅದೇ ಕಿಟಕಿಯ ಹುಡುಗಿ, ನಲವತ್ತಮೂರು ವರ್ಷದ ಹುಡುಗಿ. ಅದನ್ನು ನೆನೆದರೆ ಅವಳಿಗೆ ಭಯವಾಗುತ್ತಿತ್ತು. ಭಯವಾದಾಗಲೆಲ್ಲ ಅವಳಿಗೆ ಸಿಟ್ಟು ಬರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಶಾಪಿನವನು ಚೀಲದಲ್ಲಿ ಸುತ್ತಿಗೆ, ಚಾಣ ಹಾಕಿಕೊಂಡು ಬಂದ. ಚಕ್ರ ಬಿಚ್ಚಿ ಅಂಗಳದಲ್ಲಿ ಮಲಗಿಸಿದ. ಫ್ರೀಯ ಮುಖದ ಮೇಲೆ ಒಂದು ಚಪ್ಪಟೆ ಮುಚ್ಚಳ, ಅದರಲ್ಲಿ ಎದುರುಬದುರಾಗಿ ಎರಡು ಸಣ್ಣ ತೂತು. ಒಂದು ತೂತಿಗೆ ಚಾಣ ಕೊಟ್ಟು ಎಡಕ್ಕೆ ತಿರುಗುವಂತೆ ಹೊಡೆದ. ಮುಚ್ಚಳ ಅಲುಗಲಿಲ್ಲ. ಇನ್ನೂ ಜೋರಾಗಿ ಹೊಡೆದ. ಚಾಣ ಜಾರಿ ತೂತಿನ ಅಂಚು ಹರಿಯಿತು.

"ಆಗಲ್ಲ ಅಕ್ಕ" ಎಂದು ಕೈಚೆಲ್ಲಿದ. "ಇದನ್ನ ಬಿಚ್ಚೋಕೆ ಎರಡು ಮೊಳೆ ಇರೋ ಪಾನಾ ಬರುತ್ತೆ ಅಂತಾರೆ, ನಾನಂತೂ ಕಣ್ಣಲ್ಲಿ ಕಂಡಿಲ್ಲ. ಫ್ರೀನ ಯಾರೂ ಬಿಚ್ಚಲ್ಲ. ಹೋದ್ರೆ ಇಡೀದಾಗಿ ತೆಗೆದು ಹೊಸದು ಹಾಕೋದು."

"ಹಾಕು ಮತ್ತೆ."

"ಎಲ್ಲಿಂದ ಹಾಕ್ಲಿ? ಇದನ್ನ ಚಕ್ರಕ್ಕೆ ವೆಲ್ಡಿಂಗ್ ಮಾಡಿಟ್ಟಿದಾರೆ."

ಮಾಡಿಸಿದ್ದು ಅವನೇ. ಆರು ವರ್ಷದ ಹಿಂದೆ ಫ್ರೀ ಸಡಿಲವಾಗಿ ಕಳಚಿ ಬೀಳುತ್ತಿದ್ದಾಗ, ಇನ್ನು ಜನ್ಮದಲ್ಲಿ ಅಲುಗಬಾರದು ಎಂದು ಪಕ್ಕದ ವೆಲ್ಡಿಂಗ್ ಅಂಗಡಿಗೆ ಒಯ್ದು ನಾಲ್ಕು ಕಡೆ ಬೆಸೆಸಿಕೊಂಡು ಬಂದಿದ್ದ. ಅದನ್ನು ಈಗ ಅವನು ಎತ್ತಲಿಲ್ಲ, ಅವಳಂತೂ ಮರೆತಿರಲಿಲ್ಲ. ಚಕ್ರವನ್ನೇ ಬದಲಾಯಿಸೋಣವೆಂದರೆ ಆ ಅಳತೆಯ ಚಕ್ರ ಮಾಡುತ್ತಿದ್ದ ವರ್ಕ್‌ಶಾಪ್ ಬಾಗಿಲು ಹಾಕಿ ಹತ್ತು ವರ್ಷವಾಗಿತ್ತು.

"ಹೊಸ ಗಾಡಿಗೆ ಅರ್ಜಿ ಹಾಕಿ. ವರ್ಷದೊಳಗೆ ಬರುತ್ತೆ."

"ಬೋರ್ಡಲ್ಲಿ ಫ್ರೀ ರಿಪೇರಿ ಅಂತ ಬರ್ಕೊಂಡಿದೀಯಲ್ಲಪ್ಪ?"

"ರಿಪೇರಿ ಅಂದ್ರೆ ಬದಲಾಯಿಸೋದು ಅಕ್ಕ."

"ಹಂಗಾದ್ರೆ ಮೊದಲು ಆ ಬೋರ್ಡನ್ನ ರಿಪೇರಿ ಮಾಡಿಸು" ಎಂದಳು ಕಾಜಾ ಅಕ್ಕ. ಚಕ್ರವನ್ನು ಅಲ್ಲೇ ಬಿಟ್ಟು ಹೋಗಲು ಹೇಳಿದಳು.

ಅವನು ಹೋದ ಮೇಲೆ ಅಂಗಳದಲ್ಲಿ ಚಕ್ರದ ಪಕ್ಕ ಕೂತು ಬಹಳ ಹೊತ್ತು ಆ ಎರಡು ತೂತುಗಳನ್ನು ನೋಡಿದಳು. ಕಾಜಾ ಹಾಕುವವಳಿಗೆ ತೂತಿನ ಮೇಲೆ ಒಂದು ನಂಬಿಕೆ ಇರುತ್ತದೆ. ಯಾರೂ ಸುಮ್ಮನೆ ತೂತು ಮಾಡುವುದಿಲ್ಲ. ತೂತು ಇದೆ ಎಂದರೆ ಅದರಲ್ಲಿ ಹೋಗಬೇಕಾದದ್ದು ಒಂದು ಎಲ್ಲೋ ಇದೆ. ಮುಚ್ಚಳದ ಮೇಲೆ ಕಾಗದ ಹರಡಿ, ಟೈಲರ್ ಸೀಮೆಸುಣ್ಣದ ಚೂರಿನಿಂದ ತಿಕ್ಕಿದಳು. ಮುಚ್ಚಳದ ಅಂಚು, ನಡುವಿನ ವೃತ್ತ, ಎರಡು ತೂತು ಅಚ್ಚುಕಟ್ಟಾಗಿ ಕಾಗದದ ಮೇಲೆ ಮೂಡಿದವು. ಬಟ್ಟೆಗೆ ಮಾಡುವಂತೆ ಫ್ರೀಗೂ ಒಂದು ಪ್ಯಾಟರ್ನ್ ಆಯಿತು.

ಶನಿವಾರ ಆ ಕಾಗದವನ್ನು ರವಿಕೆಗೆ ಪಿನ್ನು ಮಾಡಿಕೊಂಡು, ಎರಡು ಊರುಗೋಲು ಊರಿಕೊಂಡು, ಮೂಲೆಯಾಚೆಯ ಹಾರ್ಡ್‌ವೇರ್ ಅಂಗಡಿಗೆ ಹೋದಳು. ಐದು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅಂಗಡಿಯವನು ಕಾಗದವನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ.

"ಏನಮ್ಮ ಇದು, ಟೂ ಪಿನ್ ಪ್ಲಗ್ಗಾ?" ಅಂದ. ಕರೆಂಟಿನ ಪ್ಲಗ್ಗು ಎಂದುಕೊಂಡಿದ್ದ.

"ಫ್ರೀ ಬಿಚ್ಚೋ ಪಾನಾ ಬೇಕು. ಇಷ್ಟು ಅಂತರಕ್ಕೆ ಎರಡು ಮೊಳೆ ಇರೋದು."

ಅವನು ಗೋಡೆಯ ತುಂಬ ನೇತುಹಾಕಿದ್ದ ಪಾನಾಗಳನ್ನು ತೋರಿಸಿದ. ಎರಡು ಬಾಯಿನದು, ಒಂದು ಬಾಯಿನದು, ಬಳೆಯಂಥದು, ಪೈಪು ಹಿಡಿಯುವುದು. ಮೊಳೆ ಇರುವುದು ಒಂದೂ ಇಲ್ಲ. ಕೊನೆಗೆ ಬೇಸರ ಬಂದು, "ಮನೇಲಿ ಗಂಡಸರು ಯಾರಿದಾರಮ್ಮ? ಅವರನ್ನ ಕಳಿಸಿ, ಅವರಿಗೆ ಗೊತ್ತಿರುತ್ತೆ" ಎಂದ.

"ಅವರಿಗೆ ಗೊತ್ತಿದ್ರೆ ನಾನ್ಯಾಕೆ ಬರ್ತಿದ್ದೆ?" ಎಂದು ಕಾಗದ ಕಿತ್ತುಕೊಂಡು ಹೊರಟಳು. ವಾಪಸು ಬರುವಾಗ ಒಂದು ಗಂಟೆ ಹಿಡಿಯಿತು. ಕಂಕುಳು ಉರಿಯುತ್ತಿತ್ತು, ಆದರೆ ದಾರಿಯಲ್ಲಿ ಒಂದು ಯೋಚನೆ ಸಿಕ್ಕಿತ್ತು. ಒಂದು ಅಂತರಕ್ಕೆ ಬಾಯಿ ತೆರೆದು ನಿಲ್ಲುವ, ಎರಡು ಕಬ್ಬಿಣದ ತುದಿ ಇರುವ, ಕೈಯಲ್ಲಿ ಹಿಡಿಯಲು ಬರುವ ವಸ್ತು ಮನೆಯಲ್ಲೇ ಇತ್ತು. ಟ್ರಂಕಿನ ತಳದಲ್ಲಿ.

ಅದು ಕಟಿಂಗ್ ಮಾಸ್ಟರುಗಳ ದೊಡ್ಡ ಕತ್ತರಿ. ಇಪ್ಪತ್ತೈದರ ಹರೆಯದಲ್ಲಿ, ಕಾಜಾ ಸಾಕು, ಇನ್ನು ಬಟ್ಟೆ ಕತ್ತರಿಸುವುದೇ ಸೈ ಎಂದು ಹುರುಪಿನಿಂದ ಕೊಂಡಿದ್ದಳು. ಅಳತೆ ಕಲಿತಳು, ಪ್ಯಾಟರ್ನ್ ಕಲಿತಳು. ದೊಡ್ಡ ಟೈಲರ್ ಹತ್ತಿರ ಕೆಲಸ ಕೇಳಿದಾಗ ಅವರು, "ಇದು ಮೇಜಿನ ಮುಂದೆ ನಿಂತು ಮಾಡೋ ಕೆಲಸ, ಪಾಪ ನಿಮಗ್ಯಾಕೆ" ಎಂದಿದ್ದರು. ಸಾಲದ್ದಕ್ಕೆ ಅವಳು ಎಡಚಿ. ಬಲಗೈಯವರಿಗೆಂದು ಮಾಡಿದ ಕತ್ತರಿ ಅವಳ ಹೆಬ್ಬೆರಳನ್ನು ಕಚ್ಚುತ್ತಿತ್ತು. ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದವಳು ಮತ್ತೆ ತೆಗೆದಿರಲಿಲ್ಲ.

ಸೈಕಲ್ ಶಾಪಿನಿಂದ ಅರ ತರಿಸಿ ಅವಳು ಕತ್ತರಿಯ ತುದಿಯನ್ನು ಉಜ್ಜಲು ಕೂತಾಗ ಅತ್ತಿಗೆ ಬಾಗಿಲಲ್ಲೇ ನಿಂತುಬಿಟ್ಟರು.

"ಕತ್ತರಿಗೆ ಒಂದು ಪೇಪರ್ ಚೂರು ತಾಗಿಸಿದ್ರೂ ನನ್ನ ಕೈಗೆ ಹೊಡೀತಿದ್ದೋಳು ನೀನು. ಈಗ ಅರ ಹಾಕ್ತಿದೀಯಲ್ಲೇ."

"ಹದಿನೆಂಟು ವರ್ಷ ಕೆಲಸ ಇಲ್ಲದೆ ಮಲಗಿತ್ತು ಅತ್ತಿಗೆ. ಈಗ ಎದ್ದೇಳಿಸ್ತಿದೀನಿ."

ಮೊದಮೊದಲು ಅರ ಜಾರಿತು. ಸಾಣೆಕಲ್ಲಿಗೆ ತಿಕ್ಕಿ, ಮತ್ತೆ ಅರಕ್ಕೆ ಕೊಟ್ಟು, ಕಾಗದದ ಮೇಲಿಟ್ಟು ಅಳೆದು, ಮತ್ತೆ ತಿಕ್ಕಿ, ಊಟದ ಹೊತ್ತು ಮೀರುವಷ್ಟರಲ್ಲಿ ಎರಡೂ ತುದಿ ಮೊಂಡು ಮೊಳೆಗಳಂತಾದವು. ಕತ್ತರಿಯ ಬಾಯನ್ನು ತೂತುಗಳ ಅಂತರಕ್ಕೆ ತೆರೆದು, ಅಲ್ಲಿಂದ ಅಲುಗದಂತೆ ಮೇಣ ಹಾಕಿದ ಕಾಜಾ ದಾರವನ್ನು ನಲವತ್ತು ಸುತ್ತು ಸುತ್ತಿ ಗಂಟು ಹಾಕಿದಳು. ದಾರ ಕಟ್ಟುವುದರಲ್ಲಿ ಅವಳದು ಎತ್ತಿದ ಕೈ. ಸಂಜೆ ಅಣ್ಣ ಅದನ್ನು ನೋಡಿ ಹೆಂಡತಿಯ ಕಡೆ ಹುಬ್ಬು ಹಾರಿಸಿದ.

ಭಾನುವಾರ ಮಧ್ಯಾಹ್ನ ಅಣ್ಣ ಮಲಗಿದ್ದಾಗ ಅಂಗಳದಲ್ಲಿ ಕೆಲಸ ಶುರುವಾಯಿತು. ಅತ್ತಿಗೆ ಕಾಲು ಚಾಚಿ ಕೂತು ಚಕ್ರವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದರು. ಕಾಜಾ ಅಕ್ಕ ಕತ್ತರಿಯನ್ನು ತಲೆಕೆಳಗಾಗಿ ನೆಟ್ಟಗೆ ನಿಲ್ಲಿಸಿ, ತುದಿಗಳನ್ನು ತೂತಿಗಿಳಿಸಿದಳು. ಹೇಳಿ ಮಾಡಿಸಿದಂತೆ ಕೂತವು. ಹಿಡಿಯ ಎರಡೂ ಬಳೆಗಳ ಮೂಲಕ, ಹಿತ್ತಿಲ ಬಾಗಿಲಿಗೆ ಅಡ್ಡ ಹಾಕುವ ಕಬ್ಬಿಣದ ಸರಳನ್ನು ತೂರಿಸಿದಳು. ಈಗ ಅದು ನಲ್ಲಿಯ ಹಿಡಿಯಂತಾಯಿತು; ಎರಡು ಕೈ ಹಾಕಿ ತಿರುಗಿಸಬಹುದು. ಇಪ್ಪತ್ತೆರಡು ವರ್ಷ ಗಾಡಿ ಎಳೆದ ತೋಳುಗಳು ಅವು. ಬೀದಿಯ ಗಂಡಸರಲ್ಲಿ ಅರ್ಧ ಜನಕ್ಕೆ ಅಂಥ ತೋಳಿರಲಿಲ್ಲ.

ಎಡಕ್ಕೆ ತಿರುಗಿಸಿದಳು. ಬಾಟಲಿಯಿಂದ ಹಿಡಿದು ನಲ್ಲಿಯವರೆಗೆ ಲೋಕದಲ್ಲಿ ಬಿಚ್ಚುವುದೆಲ್ಲ ಎಡಕ್ಕೇ ಬಿಚ್ಚುತ್ತದೆ. ಮುಚ್ಚಳ ಅಲುಗಲಿಲ್ಲ. ಉಸಿರು ಬಿಗಿಹಿಡಿದು ಮತ್ತೆ ತಿರುಗಿಸಿದಳು. ಕಟ್ ಎಂದಿತು. ನೋಡಿದರೆ ಕತ್ತರಿಯ ಒಂದು ತುದಿ ಚಕ್ಕೆ ಎದ್ದಿದೆ.

ಅತ್ತಿಗೆ ಚಕ್ರ ಬಿಟ್ಟರು. "ಸಾಕು ಬಿಡೇ. ಕತ್ತರೀನೂ ಹೋಯ್ತು. ನಿಮ್ಮಣ್ಣ ಹೇಳಿದ್ದೂ ಒಂದು ರೀತಿ ಸರಿ, ಮನೇಲೇ ಕೂತು..."

"ಅತ್ತಿಗೆ, ನೀವೂನಾ?"

ಕಾಜಾ ಅಕ್ಕನ ಕಣ್ಣು ತುಂಬಿ ಬಂತು. ಅದನ್ನು ಅವಳು ಒರೆಸಿಕೊಳ್ಳಲೂ ಇಲ್ಲ, ಯಾಕೆಂದರೆ ಒರೆಸಿಕೊಂಡರೆ ಅತ್ತಿದ್ದು ಹೌದೆಂದು ಒಪ್ಪಿಕೊಂಡಂತೆ. ಚಕ್ರದ ಮೇಲೆ ಬಗ್ಗಿ, ಶುಕ್ರವಾರ ಶಾಪಿನವನ ಚಾಣ ಹರಿದಿದ್ದ ತೂತನ್ನು ಬೆರಳಲ್ಲಿ ಸವರುತ್ತ ಕೂತಳು. ಅಂಚು ಒಂದೇ ಪಕ್ಕಕ್ಕೆ ಹರಿದಿತ್ತು. ಅಷ್ಟು ಹೊಡೆದಿದ್ದಾನೆ, ಕಬ್ಬಿಣ ಹರಿದಿದೆ, ಒಂದು ಕೂದಲೆಳೆಯಷ್ಟಾದರೂ ಸಡಿಲವಾಗಬೇಡವೇ? ಆಗಿಲ್ಲ. ಹೊಡೆದಷ್ಟೂ ಬಿಗಿಯಾಗಿದೆ. ಹೊಡೆದಷ್ಟೂ ಬಿಗಿಯಾಗುವಂಥದ್ದು ಏನು?

ಬೆರಳುಗಳಿಗೆ ಮೊದಲು ನೆನಪಾಯಿತು, ತಲೆಗೆ ಆಮೇಲೆ. ಎಡಗೈಯಲ್ಲಿ ಅವಳಿಗೆ ಕಾಜಾ ಕಲಿಸಿದ ಪಕ್ಕದ ಮನೆಯ ಅಜ್ಜಿ ಮೊದಲನೇ ದಿನವೇ ಹೇಳಿದ್ದರು: "ನೀನು ಎಡಚಿ ಕಣೇ ಮಗಳೆ. ದಾರಕ್ಕೆ ಹುರಿ ಹಾಕಿರೋದು ಬಲಗೈಯವರಿಗೆ. ಅವರು ಹೊಲೀತಾ ಹೋದ್ರೆ ಹುರಿ ಬಿಗಿಯಾಗುತ್ತೆ, ನೀನು ಹೊಲೀತಾ ಹೋದ್ರೆ ಬಿಚ್ಚಿಕೊಳ್ಳುತ್ತೆ. ನಿನಗೆ ಎಲ್ಲಾ ಉಲ್ಟಾ." ಹೌದು, ದಾರ ಎಳೆ ಎಳೆಯಾಗಿ ಬಿಚ್ಚಿಕೊಂಡು ನಿಲ್ಲುತ್ತಿತ್ತು. ಅದಕ್ಕೇ ಅವಳು ಪ್ರತಿ ಹೊಲಿಗೆಗೂ ಮೊದಲು ದಾರವನ್ನು ಬೆರಳಲ್ಲಿ ಒಂದು ಸಲ ಉಲ್ಟಾ ಹೊಸೆಯುವುದನ್ನು ರೂಢಿ ಮಾಡಿಕೊಂಡಿದ್ದಳು. ಅವಳ ಕಾಜಾ ಬೀದಿಯಲ್ಲೆಲ್ಲ ಗಟ್ಟಿ ಎನಿಸಿದ್ದು ಆ ಒಂದು ಹೊಸೆತದಿಂದ. ದೊಡ್ಡ ಟೈಲರ್ ಕಣ್ಣು ಮುಚ್ಚಿ ಶರ್ಟಿನ ಮೇಲೆ ಬೆರಳಾಡಿಸಿ, ಇದು ಎಡಗೈ ಕಾಜಾ ಎಂದು ಹೇಳಬಲ್ಲವರಾಗಿದ್ದರು.

ಬಲಗೈಗೆ ಬಿಗಿಯಾಗುವುದು ಎಡಗೈಗೆ ಬಿಚ್ಚುತ್ತದೆ. ದಾರಕ್ಕೆ ಎರಡು ಹುರಿ ಇದ್ದರೆ ಕಬ್ಬಿಣದ ತಿರುಪಿನ ಥ್ರೆಡ್ಡಿಗೆ ಯಾಕೆ ಇರಬಾರದು?

"ಅತ್ತಿಗೆ, ಚಕ್ರ ಹಿಡೀರಿ" ಎಂದಳು. "ಇದು ಎಡಚಿ."

"ಏನು?"

"ಈ ಮುಚ್ಚಳ. ನನ್ನ ಥರ ಇದೂ ಎಡಚಿ. ಎಲ್ಲರೂ ಇದನ್ನ ಬಿಚ್ತಿದೀವಿ ಅಂದ್ಕೊಂಡು ಬಿಗಿ ಮಾಡಿದಾರೆ."

ಅತ್ತಿಗೆಗೆ ಅರ್ಥವಾಗಲಿಲ್ಲ, ಆದರೂ ಹಿಡಿದರು. ಚಕ್ಕೆ ಎದ್ದ ತುದಿಯನ್ನು ಅರದಿಂದ ನಾಲ್ಕು ಸಲ ಉಜ್ಜಿ, ಕತ್ತರಿಯನ್ನು ಮತ್ತೆ ನಿಲ್ಲಿಸಿ, ಈ ಸಲ ಬಲಕ್ಕೆ ತಿರುಗಿಸಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಭುಜದ ಮೂಳೆ ಲಟಕ್ ಅಂದಂತಾಯಿತು. ಆಮೇಲೆ ಮುಚ್ಚಳ ಒಣಗಿದ ಗ್ರೀಸಿನ ಒಳಗಿಂದ ಒಮ್ಮೆ ನರಳಿ, ಕಾಲು ಸುತ್ತು ತಿರುಗಿತು.

ಅತ್ತಿಗೆ ಕಿರುಚದೆ ಬಾಯಿಗೆ ಸೆರಗು ತುರುಕಿಕೊಂಡರು. ಒಳಗೆ ಗಂಡ ಮಲಗಿದ್ದ. ಕಾಜಾ ಅಕ್ಕ ತಿರುಗಿಸುತ್ತಲೇ ಇದ್ದಳು. ಎಲ್ಲರೂ ಬಿಗಿ ಮಾಡುವ ಕಡೆಗೇ ತಿರುಗಿಸಿದಳು, ಅದು ಬಿಚ್ಚುತ್ತಲೇ ಹೋಯಿತು. ಕೊನೆಯ ಸುತ್ತಿಗೆ ಮುಂಚೆ ಕೆಳಗೆ ಬಿಳಿ ಲೈನಿಂಗ್ ಬಟ್ಟೆ ಹಾಸಿದಳು. ಮುಚ್ಚಳ ಎತ್ತಿದ್ದೇ ತಡ, ಸಾಸಿವೆಗಿಂತ ತುಸು ದೊಡ್ಡ ಕಬ್ಬಿಣದ ಗುಂಡುಗಳು ಬಟ್ಟೆಯ ಮೇಲೆ ಉದುರಿದವು.

"ಅಯ್ಯೋ, ಇಷ್ಟೊಂದಾ? ಇದನ್ನೆಲ್ಲ ಹೆಂಗೆ ವಾಪಸ್ ಕೂರಿಸ್ತೀಯ?"

"ದಿನಕ್ಕೆ ನೂರು ಗುಂಡಿ ಹಚ್ಚೋಳಿಗೆ ಈ ಗುಂಡು ಯಾವ ಲೆಕ್ಕ ಅತ್ತಿಗೆ?"

ಒಳಗೆ ಎರಡು ಪುಟ್ಟ ಉಕ್ಕಿನ ನಾಲಿಗೆಗಳಿದ್ದವು. ಎದ್ದು ನಿಂತು ಬಿಲ್ಲೆಯ ಒಳಹಲ್ಲನ್ನು ಹಿಡಿಯಬೇಕಾದವು ಅವು. ವೆಲ್ಡಿಂಗಿನ ಬಿಸಿಗೆ ಸುಟ್ಟು, ವರ್ಷಗಟ್ಟಲೆ ಧೂಳು ಕುಡಿದು ಡಾಂಬರಾಗಿದ್ದ ಗ್ರೀಸಿನಲ್ಲಿ ಎರಡೂ ಹೂತು ಮಲಗಿಬಿಟ್ಟಿದ್ದವು. ಮುರಿದಿರಲಿಲ್ಲ, ಸವೆದಿರಲಿಲ್ಲ. ಇದಿಷ್ಟೇ ಆಗಿತ್ತು ಗಾಡಿಗೆ. ಇದಕ್ಕೆ ಗುಜರಿ, ಅರ್ಜಿ, ಸ್ಕೂಟರು ಎಲ್ಲ. ಸೂಜಿಯ ತುದಿಯಿಂದ ಗ್ರೀಸನ್ನು ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದಾಗ ನಾಲಿಗೆಗಳು ಒತ್ತಿದರೆ ಬಗ್ಗಿ, ಬಿಟ್ಟರೆ ಎದ್ದು ನಿಂತವು. ಗುಂಡುಗಳನ್ನು ಹೊಸ ಗ್ರೀಸಿನಲ್ಲಿ ಒಂದೊಂದಾಗಿ ಸೂಜಿಯಿಂದ ಎತ್ತಿ ಕೂರಿಸುವುದರಲ್ಲಿ ಸಂಜೆಯಾಯಿತು. ಮುಚ್ಚಳವನ್ನು ಎಡಕ್ಕೆ ತಿರುಗಿಸಿ ಬಿಗಿ ಮಾಡಿದಳು. ಅಣ್ಣ ಎದ್ದು ಬಂದು ನೋಡುವಾಗ ಇಬ್ಬರೂ ಹೆಂಗಸರು ಮೊಣಕೈವರೆಗೆ ಕಪ್ಪಾಗಿ, ಗಾಡಿಗೆ ಚಕ್ರ ಏರಿಸುತ್ತಿದ್ದರು. ಹಿತ್ತಿಲ ಬಾಗಿಲು ಅಡ್ಡ ಸರಳಿಲ್ಲದೆ ಹಾರುಹೊಡೆದಿತ್ತು.

"ಹಿಡೀತಾ?" ಎಂದ ಅಣ್ಣ, ನಂಬದೆ.

"ಹೂಂ ಅಂದಿದ್ದು ನೆನಪಿದೆ ತಾನೇ?" ಎಂದಳು ತಂಗಿ.

ಸೋಮವಾರ ಒಂಬತ್ತೂವರೆಗೆ ಅಣ್ಣ ಬ್ಯಾಗು ಹಿಡಿದು ಆಫೀಸಿಗೆ ಹೊರಟಾಗ, ಮನೆಯಲ್ಲಿ ಉಳಿದಿದ್ದ ಶರ್ಟುಗಳ ಗಂಟನ್ನು ಹಲಗೆಗೇರಿಸಿ ಅವಳೂ ಹೊರಟಳು. ಅವನ ಆಫೀಸು ಟೈಲರ್‌ಗಳ ಬೀದಿಯ ಈಚೆಗೇ ಇತ್ತು, ದಾರಿ ಒಂದೇ. ಆದರೂ ಇಬ್ಬರೂ ಒಟ್ಟಿಗೆ ಹೋದದ್ದು ಅದೇ ಮೊದಲು. ನಡುವೆ ಉದ್ದನೆಯ ಏರೊಂದಿದೆ. ಏರು ಶುರುವಾದ ಕೂಡಲೇ ಗಾಡಿ ಹಗುರವಾದದ್ದು ಅವಳಿಗೆ ಗೊತ್ತಾಯಿತು. ಹಿಂದೆ ಅಣ್ಣನ ಕೈ ಬಿದ್ದಿತ್ತು. ಅವಳು ನಡು ಏರಿನಲ್ಲಿ ಬ್ರೇಕು ಹಿಡಿದಳು.

"ಕೈ ತೆಗಿ ಅಣ್ಣ."

"ಏರು ಕಣೇ ಇದು."

"ಗೊತ್ತು. ಇಪ್ಪತ್ತೆರಡು ವರ್ಷದಿಂದ ಹತ್ತಿದೀನಿ."

"ನಾನು ನೋಡಿಲ್ಲವಲ್ಲ" ಎಂದ ಅವನು. ಅದು ನಿಜವಾಗಿತ್ತು. ಅವಳು ಹೊರಡುವಷ್ಟರಲ್ಲಿ ಅವನು ದಿನಾ ಆಫೀಸಿನಲ್ಲಿರುತ್ತಿದ್ದ. ತಂಗಿ ಈ ಏರನ್ನು ಹೇಗೆ ಹತ್ತುತ್ತಾಳೆ ಎಂದು ಕಣ್ಣಾರೆ ಕಾಣದೆ, ಕಾಣದ್ದಕ್ಕೆಲ್ಲ ಮನಸ್ಸಿನಲ್ಲೇ ಮರುಗಿಕೊಂಡು ಬಂದಿದ್ದ.

"ಹಂಗಾದ್ರೆ ಇವತ್ತು ನೋಡು. ಪಕ್ಕಕ್ಕೆ ಬಾ, ಹಿಂದೆ ನಿಂತ್ರೆ ಏನು ಕಾಣುತ್ತೆ?"

ಅಣ್ಣ ಕೈ ತೆಗೆದ. ಪಕ್ಕಕ್ಕೆ ಬಂದ. ಅವಳು ಬ್ರೇಕು ಬಿಟ್ಟು ಪೆಡಲಿಗೆ ಮೈಯೆಲ್ಲ ಹಾಕಿದಳು. ಫ್ರೀ ಗಬಕ್ಕನೆ ಹಿಡಿಯಿತು. ಗಾಡಿ ಒಂದು ಗೇಣು ಹೋಯಿತು, ಇನ್ನೊಂದು ಗೇಣು ಹೋಯಿತು. ಕುತ್ತಿಗೆಯ ನರ ಎದ್ದಿತು, ಬೆವರು ಕಣ್ಣಿಗಿಳಿಯಿತು, ಅವಳು ನಿಲ್ಲಿಸಲಿಲ್ಲ. ಅವನು ಎರಡು ಸಲ ಕೈ ಚಾಚಿ ಎರಡು ಸಲವೂ ಜೇಬಿಗೆ ಹಾಕಿಕೊಂಡ. ಅರ್ಧ ದಾರಿಯಾದ ಮೇಲೆ ಚಾಚಲಿಲ್ಲ. ಏರು ಮುಗಿಯುವ ಹೊತ್ತಿಗೆ ಅವನಿಗೇ ಏದುಸಿರು ಬಂದಿತ್ತು, ಟೈಲರ್ ಅಂಗಡಿಗಳ ಸಾಲು ಇಳಿಜಾರಿನ ಆಚೆಗೆ ಕಾಣುತ್ತಿತ್ತು. ಅವನು ಮರದ ನೆರಳಿಗೆ ನಿಂತು ಫೋನು ತೆಗೆದ.

"ಮಾಸ್ಟರೇ, ಸ್ಕೂಟರ್ ಕಳಿಸಬೇಡಿ. ಅವಳೇ ಬರ್ತಾಳಂತೆ."

"ಅಂತೆ ಅಲ್ಲ" ಎಂದಳು ಅವಳು ಗಾಡಿಯಿಂದಲೇ. "ಬರ್ತಿದಾಳೆ ಅನ್ನು."

"ಬರ್ತಿದಾಳೆ" ಎಂದು ಹೇಳಿ ಅಣ್ಣ ಫೋನು ಇಟ್ಟ. ಗಡಿಯಾರ ನೋಡಿಕೊಂಡ. ಹಾಜರಿ ಪುಸ್ತಕ ಮುಚ್ಚಲು ನಾಲ್ಕೇ ನಿಮಿಷವಿತ್ತು, ಆಫೀಸು ಇಳಿಜಾರಿನ ತುದಿಯಲ್ಲಿತ್ತು, ಅವನ ಕಾಲು ಸೋತಿತ್ತು.

ಕಾಜಾ ಅಕ್ಕ ಹಿಂದಿನ ಹಲಗೆಯ ಮೇಲಿದ್ದ ಗಂಟನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. "ಹತ್ತು" ಎಂದಳು.

"ಛೆ, ಏನೇ ಇದು. ಜನ ನೋಡ್ತಾರೆ."

"ನೋಡ್ಲಿ. ನಲವತ್ತು ವರ್ಷ ನನ್ನ ನೋಡಿದಾರೆ, ಇವತ್ತೊಂದಿನ ನಿನ್ನ ನೋಡ್ಲಿ."

ಅಣ್ಣ ಅತ್ತಿತ್ತ ನೋಡಿ, ಬ್ಯಾಗನ್ನು ಎದೆಗವಚಿಕೊಂಡು ಹಲಗೆಯ ಮೇಲೆ ಕೂತ. ಅವಳು ಬ್ರೇಕು ಬಿಟ್ಟಳು.